ತೊಂಬತ್ತರಲ್ಲಿ ಐವತ್ತಮೂರು

ಮಕ್ಕಳೇ, ಫುಟ್‌ಬಾಲ್ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಕಾಲಿನಿಂದ ಒದೆಯುವ ದುಂಡನೆಯ ಚೆಂಡು. ಅಮೆರಿಕದಲ್ಲಿ ಅದೇ ಹೆಸರಿನ ಆಟವೇ ಬೇರೆ. ಅಲ್ಲಿಯ ಚೆಂಡು ಉದ್ದುದ್ದ, ಎರಡೂ ತುದಿ ಚೂಪು. ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಎಸೆಯುವುದು, ಕಂಕುಳಲ್ಲಿ ಇರುಕಿಕೊಂಡು ಓಡುವುದೇ ಹೆಚ್ಚು. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಪ್ಪ ಕವಚ. ಒಂದೊಂದು ಕಡೆಗೆ ಹನ್ನೊಂದು ಜನ. ನೋಡಿದರೆ ನಮ್ಮ ಕಬಡ್ಡಿಗೆ ಯುದ್ಧದ ಉಡುಪು ತೊಡಿಸಿದ ಹಾಗೆ ಕಾಣುತ್ತದೆ.

ಈ ಆಟದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಎಂಬ ತಂಡವಿದೆ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಒಂದು ಲಕ್ಷ ಚಿಲ್ಲರೆ ಜನಸಂಖ್ಯೆಯ ಊರು, ನಮ್ಮ ಎಷ್ಟೋ ಜಿಲ್ಲಾ ಕೇಂದ್ರಗಳಿಗಿಂತ ಚಿಕ್ಕದು. ಅಲ್ಲಿಯ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ ಮಾತ್ರ 81 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. 1919ರಲ್ಲಿ ಕರ್ಲಿ ಲ್ಯಾಂಬೋ ಮತ್ತು ಜಾರ್ಜ್ ಕ್ಯಾಲ್‌ಹೂನ್ ಎಂಬಿಬ್ಬರು ತಂಡ ಕಟ್ಟಿದಾಗ, ಆಟಗಾರರ ಅಂಗಿಗಳಿಗೆ ಹಣ ಕೊಟ್ಟದ್ದು ಲ್ಯಾಂಬೋ ಕೆಲಸ ಮಾಡುತ್ತಿದ್ದ ಇಂಡಿಯನ್ ಪ್ಯಾಕಿಂಗ್ ಕಂಪನಿ. ಹೆಸರು ಕೇಳಿ ನನಗೆ ರೋಮಾಂಚನವಾಯಿತು. ಆಮೇಲೆ ತಿಳಿಯಿತು, ಅದು ಮಾಂಸವನ್ನು ಡಬ್ಬಿಗೆ ತುಂಬುವ ಅಮೆರಿಕದ್ದೇ ಕಂಪನಿ, ನಮ್ಮ ಇಂಡಿಯಾಕ್ಕೂ ಅದಕ್ಕೂ ನಂಟಿಲ್ಲ!

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನ್ನನ್ನು ಸೆಳೆದದ್ದು ಆಟಕ್ಕಿಂತ ಮೊದಲು ಆ ತಂಡದ ಲೆಕ್ಕ. ಉಳಿದ ತಂಡಗಳಿಗೆಲ್ಲ ಕೋಟ್ಯಧೀಶ ಮಾಲೀಕರಿದ್ದಾರೆ. ಪ್ಯಾಕರ್ಸ್‌ಗೆ ಊರಿನವರೇ ಮಾಲೀಕರು. 1923ರಲ್ಲಿ ತಂಡ ಸಾಲದಲ್ಲಿ ಮುಳುಗುವುದರಲ್ಲಿದ್ದಾಗ 5 ಡಾಲರಿಗೆ ಒಂದರಂತೆ ಷೇರು ಮಾರಿ ಉಳಿಸಿಕೊಂಡರು. ಆಮೇಲೂ ಹಲವು ಸಲ ಮಾರಿದ್ದಾರೆ. ಈಗ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು. ಡಿವಿಡೆಂಡ್ ಒಂದು ಕಾಸೂ ಬರುವುದಿಲ್ಲ. ಪೇಟೆಯಲ್ಲಿ ಮಾರಿ ಲಾಭ ಮಾಡುವಂತೆಯೂ ಇಲ್ಲ. ಮಿಲ್ವಾಕೀಯಲ್ಲಿರುವ ನಮ್ಮ ಅಳಿಯ 300 ಡಾಲರ್ ಕೊಟ್ಟು ಒಂದು ಷೇರು ಕೊಂಡು, ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾನೆ. "ಇದರಿಂದ ಏನಪ್ಪಾ ಉಪಯೋಗ?" ಎಂದು ಕೇಳಿದೆ. "ಊರ ತೇರಿಗೆ ವಂತಿಗೆ ಕೊಟ್ಟರೆ ಏನು ಉಪಯೋಗ ಮಾವ?" ಎಂದ. ಬಿ.ಕಾಂ. ಓದಿದ ನನಗೆ ಅದಕ್ಕೆ ಮರುಮಾತು ತೋಚಲಿಲ್ಲ.

2023ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಯಲ್ಲಿದ್ದೆವು. ಮೊಮ್ಮಗ ಪುಟ್ಟನಿಗೆ ಆಗ ಒಂಬತ್ತು ವರ್ಷ. ಅವನಿಗೆ ಉಸಿರೆಲ್ಲ ಪ್ಯಾಕರ್ಸ್. ಪಂದ್ಯಗಳು ಶುರುವಾಗುವುದು ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ಜುಲೈ ಕೊನೆಯಿಂದ ತರಬೇತಿ ಶಿಬಿರ. ಶಿಬಿರಕ್ಕೆ ಒಂದೊಂದು ತಂಡವೂ 90 ಆಟಗಾರರನ್ನು ಕರೆಸಿಕೊಳ್ಳಬಹುದು. ಆಗಸ್ಟ್ ಕೊನೆಗೆ ಪಟ್ಟಿಯಲ್ಲಿ ಉಳಿಯಬೇಕಾದವರು 53 ಮಾತ್ರ. ನಡುವೆ ಮೂರು ಅಭ್ಯಾಸ ಪಂದ್ಯಗಳು. ಅವುಗಳ ಸೋಲು ಗೆಲುವು ಲೆಕ್ಕಕ್ಕಿಲ್ಲ. ಆದರೆ ಕೆಲಸ ಉಳಿಸಿಕೊಳ್ಳಬೇಕಾದ ಹುಡುಗನಿಗೆ ಅಲ್ಲಿನ ಒಂದೊಂದು ಓಟವೂ ಲೆಕ್ಕಕ್ಕೆ ಬರುತ್ತದೆ.

ಪುಟ್ಟನೂ ನಾನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಲೆಡ್ಜರ್ ತೆರೆದೆವು. ತೊಂಬತ್ತೂ ಹೆಸರು ಬರೆದು ಪಕ್ಕದಲ್ಲಿ ಮೂರು ಅಂಕಣ ಹಾಕಿದೆವು: ಖಚಿತ, ಅನುಮಾನ, ಕಷ್ಟ.

ಆ ವರ್ಷದ ದೊಡ್ಡ ಪ್ರಶ್ನೆ ಜೋರ್ಡನ್ ಲವ್. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಯಾರಿಗೆ ಹೋಗಬೇಕೆಂದು ಕ್ಷಣದಲ್ಲಿ ತೀರ್ಮಾನಿಸಿ ಎಸೆಯುವವನು, ತಂಡದ ಸಾರಥಿ. 18 ಋತುಗಳ ಕಾಲ ಪ್ಯಾಕರ್ಸ್‌ನಲ್ಲಿದ್ದ ಆರನ್ ರಾಜರ್ಸ್ ಆ ಏಪ್ರಿಲಿನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಹೋಗಿದ್ದ. ಅವನ ಹಿಂದೆ ಮೂರು ವರ್ಷ ಬೆಂಚಿನಲ್ಲಿ ಕೂತು ಕಾದ ಲವ್ ಆ ಜಾಗಕ್ಕೆ ಬಂದಿದ್ದ. ಚೆಂಡು ಒದ್ದು ಅಂಕ ಗಳಿಸುವ ಕೆಲಸವನ್ನು 16 ಋತು ಮಾಡಿದ್ದ ಮೇಸನ್ ಕ್ರಾಸ್ಬಿಯೂ ಇರಲಿಲ್ಲ. ಅವನ ಬದಲಿಗೆ ಆಂಡರ್ಸ್ ಕಾರ್ಲ್‌ಸನ್ ಎಂಬ ಹೊಸಬ. ಚೆಂಡು ಹಿಡಿಯುವವರಲ್ಲಿ ಕ್ರಿಶ್ಚಿಯನ್ ವಾಟ್ಸನ್, ರೋಮಿಯೊ ಡೌಬ್ಸ್ ಇಬ್ಬರೂ ಹಿಂದಿನ ವರ್ಷವಷ್ಟೇ ಬಂದವರು. "ಅಜ್ಜ, ಎಲ್ಲರೂ ಚಿಕ್ಕವರೇ!" ಎಂದು ಪುಟ್ಟ ಚಿಂತೆಮಾಡಿದ. ಹಿರಿಯರೆಲ್ಲ ಒಟ್ಟಿಗೆ ನಿವೃತ್ತರಾದ ಶಾಖೆಯೊಂದನ್ನು ಹೊಸ ಹುಡುಗರು ನಡೆಸಿದ್ದನ್ನು ನಾನು ಕಂಡವನು. ನನಗೆ ಅಷ್ಟು ಭಯವಾಗಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಅಳಿಯ ನಮ್ಮನ್ನು ಗ್ರೀನ್ ಬೇಗೆ ಕರೆದುಕೊಂಡು ಹೋದ. ಕಾರಿನ ಹಿಂದೆ ಪುಟ್ಟನ ಸೈಕಲ್ಲು. ಯಾಕೆ ಗೊತ್ತೇ? ಅಲ್ಲಿ ಹತ್ತಾರು ವರ್ಷಗಳಿಂದ ಒಂದು ಸೊಗಸಾದ ಪದ್ಧತಿಯಿದೆ. ಕ್ರೀಡಾಂಗಣದ ಬಾಗಿಲಲ್ಲಿ ಮಕ್ಕಳು ತಮ್ಮ ಸೈಕಲ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಆಟಗಾರರು ಹೊರಬಂದು ತಮಗೆ ಬೇಕಾದ ಸೈಕಲ್ ಏರಿ, ರಸ್ತೆಯಾಚೆ ಇರುವ ಅಭ್ಯಾಸದ ಮೈದಾನಕ್ಕೆ ಹೋಗುತ್ತಾರೆ. ಸೈಕಲ್ಲಿನ ಒಡೆಯ ಅವರ ಹೆಲ್ಮೆಟ್ ಹೊತ್ತುಕೊಂಡು ಪಕ್ಕದಲ್ಲೇ ಓಡುತ್ತಾನೆ. ನೂರಮೂವತ್ತು ಕಿಲೋ ತೂಕದ ಆಳು ಪುಟಾಣಿ ಸೈಕಲ್ಲಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಪೆಡಲ್ ತುಳಿಯುವುದನ್ನು ನೋಡಿ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಹೆಸರಾಂತ ಆಟಗಾರರು ಬೇರೆ ಬೇರೆ ಸೈಕಲ್ ಹತ್ತಿ ಹೋದರು. ಪುಟ್ಟನ ಹತ್ತಿರ ಬಂದು "ಕೊಡುತ್ತೀಯಾ?" ಎಂದು ಕೇಳಿದವನು ನಮ್ಮ ಲೆಡ್ಜರಿನ 'ಕಷ್ಟ' ಅಂಕಣದಲ್ಲಿದ್ದ ಒಬ್ಬ ಹುಡುಗ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬಹುದು. ಸೀಟು ಹತ್ತುವ ಮುಂಚೆ ಬ್ರೇಕ್ ಹಿಡಿದು ನೋಡಿದ, ಬೇರೆಯವರ ವಸ್ತುವನ್ನು ಜೋಪಾನ ಮಾಡುವವನ ಹಾಗೆ. ದಾರಿಯುದ್ದಕ್ಕೂ ಪುಟ್ಟನ ಶಾಲೆ, ಮೇಷ್ಟ್ರು, ತಿಂಡಿ ಎಲ್ಲ ವಿಚಾರಿಸಿದನಂತೆ. ಮನೆಗೆ ಬಂದವನೇ ಪುಟ್ಟ ಲೆಡ್ಜರ್ ತೆಗೆದು ಆ ಹೆಸರನ್ನು 'ಖಚಿತ' ಅಂಕಣಕ್ಕೆ ಸೇರಿಸಬೇಕೆಂದ. "ಆಧಾರ ಏನು?" ಎಂದೆ. "ಒಳ್ಳೆಯವನು," ಎಂದ. 'ಅನುಮಾನ'ಕ್ಕೆ ಒಪ್ಪಂದವಾಯಿತು.

ಆಗಸ್ಟ್ 19ರ ಅಭ್ಯಾಸ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುತ್ತಿದ್ದೆವು. ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಕೊನೆಯ ಭಾಗದಲ್ಲಿ ಅವರ ಹೊಸ ಆಟಗಾರ ಐಸಾಯ ಬೋಲ್ಡನ್ ಡಿಕ್ಕಿಯಾಗಿ ಬಿದ್ದವನು ಏಳಲಿಲ್ಲ. ಎರಡೂ ತಂಡದವರು ಮಂಡಿಯೂರಿ ಕೂತರು. ಪೇಟ್ರಿಯಟ್ಸ್ 21–17ರಿಂದ ಮುಂದಿದ್ದರೂ ಆಟವನ್ನು ಅಲ್ಲಿಗೇ ನಿಲ್ಲಿಸಿದರು. ಮರುದಿನ ಅವನು ಆಸ್ಪತ್ರೆಯಿಂದ ಹೊರಬಂದ ಸುದ್ದಿ ಕೇಳುವತನಕ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಬಿದ್ದವನು ಅಭ್ಯಾಸ ಪಂದ್ಯದಲ್ಲಿ ಬಿದ್ದರೂ ಬಿದ್ದದ್ದೇ ತಾನೇ? ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು ಆ ಹುಡುಗರು ಎಷ್ಟನ್ನು ಪಣಕ್ಕಿಡುತ್ತಾರೆಂದು ಅಂದು ನನಗೆ ಕಂಡಿತು.

ಆಗಸ್ಟ್ 29 ಕೊನೆಯ ದಿನ. ಹಿಂದಿನ ವರ್ಷಗಳಲ್ಲಿ ಹಂತಹಂತವಾಗಿ ಹೆಸರು ತೆಗೆಯುತ್ತಿದ್ದರು. ಆ ವರ್ಷದಿಂದ ಒಂದೇ ಸಲಕ್ಕೆ 90ರಿಂದ 53ಕ್ಕೆ. ತಂಡಕ್ಕೆ 37 ಜನ. ಇಂಥ ತಂಡಗಳು 32. ಗುಣಿಸಿ ನೋಡಿ ಮಕ್ಕಳೇ, 1,184! ಒಂದೊಂದು ತಂಡ 16 ಜನರನ್ನು ಅಭ್ಯಾಸದ ಬಳಗವೆಂದು ಇಟ್ಟುಕೊಂಡರೂ ಆರುನೂರಕ್ಕೂ ಹೆಚ್ಚು ಹುಡುಗರು ಮನೆಯ ದಾರಿ ಹಿಡಿಯಬೇಕು. ಅವರಲ್ಲಿ ಯಾರೂ ಸಾಮಾನ್ಯರಲ್ಲ, ತಮ್ಮ ತಮ್ಮ ಊರಿಗೆ ಹುಲಿಗಳೇ.

ಸಂಜೆ ಪಟ್ಟಿ ಬಂತು. ಪುಟ್ಟ ಬೆರಳಿಟ್ಟು ಓದಿದ. ಇಮ್ಯಾನುಯೆಲ್ ವಿಲ್ಸನ್ ಹೆಸರು ಸಿಕ್ಕಾಗ ಕುಣಿದ. ಸಣ್ಣ ಕಾಲೇಜಿನಿಂದ ಬಂದ ಈ ಹುಡುಗನನ್ನು ಮೊದಲು ಡೆನ್ವರ್ ತಂಡ ಕೈಬಿಟ್ಟಿತ್ತು. ಪ್ಯಾಕರ್ಸ್ ಶಿಬಿರಕ್ಕೆ ಬಂದು, ಮೊದಲ ಅಭ್ಯಾಸ ಪಂದ್ಯದಲ್ಲೇ 80 ಗಜ ಓಡಿ ಅಂಕ ಗಳಿಸಿ, ಜಾಗ ಗಿಟ್ಟಿಸಿಕೊಂಡ. ಪುಟ್ಟ ಐವತ್ತಮೂರೂ ಹೆಸರು ಓದಿದ. ಇನ್ನೊಮ್ಮೆ ಓದಿದ. ಸೈಕಲ್ ಹತ್ತಿದವನ ಹೆಸರು ಇರಲಿಲ್ಲ.

ಅಳಲಿಲ್ಲ. "ಅಜ್ಜ, ಈಗ ಅವನ ಹೆಸರು ಅಳಿಸಬೇಕಾ?" ಎಂದ.

ಬ್ಯಾಂಕಿನ ಲೆಡ್ಜರಿನಲ್ಲಿ ರಬ್ಬರಿಗೆ ಜಾಗವಿಲ್ಲ. ಒಂದು ನಮೂದನ್ನು ತೆಗೆಯಬೇಕಾದರೆ ತೆಳ್ಳಗೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತಾರೆ. ಗೆರೆಯ ಕೆಳಗೆ ಮೊದಲು ಏನಿತ್ತೆಂದು ಯಾರು ಬೇಕಾದರೂ ಓದುವಂತಿರಬೇಕು. ಕೆರೆದು ಅಳಿಸಿದರೆ ಅದು ಅಪರಾಧ. ಇದನ್ನು ಪುಟ್ಟನಿಗೆ ತೋರಿಸಿಕೊಟ್ಟೆ. ಅವನು ಸ್ಕೇಲ್ ಇಟ್ಟು ಗೆರೆ ಎಳೆದು ಸಹಿ ಹಾಕಿದ. "ಹೆಸರು ಓದಲು ಬರುತ್ತದೆ," ಎಂದ.

ಆಗ ಅವನಿಗೆ ಕರ್ಟ್ ವಾರ್ನರ್ ಕಥೆ ಹೇಳಿದವನು ನನ್ನ ಅಳಿಯ. 1994ರಲ್ಲಿ ಇದೇ ಪ್ಯಾಕರ್ಸ್ ಶಿಬಿರಕ್ಕೆ ಬಂದ ಕ್ವಾರ್ಟರ್‌ಬ್ಯಾಕ್ ಆತ. ಮುಂದೆ ಬ್ರೆಟ್ ಫಾರ್ವ್ ಮೊದಲಾಗಿ ಮೂವರಿದ್ದರು. ತಂಡ ಅವನನ್ನು ಕೈಬಿಟ್ಟಿತು. ಅಯೋವಾದ ದಿನಸಿ ಅಂಗಡಿಯೊಂದರಲ್ಲಿ ಗಂಟೆಗೆ ಐದೂವರೆ ಡಾಲರ್ ಕೂಲಿಗೆ ರಾತ್ರಿಯ ಹೊತ್ತು ಡಬ್ಬಿ ಜೋಡಿಸುವ ಕೆಲಸಕ್ಕೆ ಸೇರಿದ. ಸಣ್ಣ ಲೀಗುಗಳಲ್ಲಿ ಆಡುತ್ತ ಕಡೆಗೆ ಸೇಂಟ್ ಲೂಯಿ ರ‍್ಯಾಮ್ಸ್ ತಂಡದಲ್ಲಿ ಎರಡನೆಯವನಾದ. 1999ರ ಅಭ್ಯಾಸ ಪಂದ್ಯವೊಂದರಲ್ಲಿ ಮೊದಲನೆಯವನಾದ ಟ್ರೆಂಟ್ ಗ್ರೀನ್ ಮೊಣಕಾಲು ಮುರಿದುಕೊಂಡಾಗ ವಾರ್ನರ್‌ಗೆ ಕರೆ ಬಂತು. ಆ ಋತುವಿನ ಶ್ರೇಷ್ಠ ಆಟಗಾರ ಅವನೇ, ಸೂಪರ್ ಬೌಲ್ ಗೆದ್ದವನೂ ಅವನೇ. 2017ರಲ್ಲಿ ಆ ಆಟದ ಮಹನೀಯರ ಸಾಲಿಗೂ ಸೇರಿದ.

ಪುಟ್ಟ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಲ್ಲರಿಗೂ ಹಾಗಾಗುತ್ತಾ?" ಎಂದ. "ಇಲ್ಲ ಮಗು," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬಹಳ ಜನ ಬೇರೆ ಕೆಲಸ ಹಿಡಿಯುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳಿಗೆ ಆಟ ಕಲಿಸುತ್ತಾರೆ. ಅದೂ ಬದುಕೇ." ಅವನು ತಲೆಯಾಡಿಸಿ ಆ ಹುಡುಗನಿಗೆ ತಂಡದ ವಿಳಾಸಕ್ಕೆ ಒಂದು ಕಾಗದ ಬರೆದ. ಇಷ್ಟೇ ಒಕ್ಕಣೆ: ಸೈಕಲ್ ಚೆನ್ನಾಗಿದೆ, ಬ್ರೇಕ್ ಸರಿಯಾಗಿದೆ, ಯಾವಾಗ ಬೇಕಾದರೂ ಕೊಡುತ್ತೇನೆ.

ಹುಡುಗರೇ ತುಂಬಿದ್ದ ಆ ತಂಡ ಆ ವರ್ಷ 17 ಪಂದ್ಯಗಳಲ್ಲಿ 9 ಗೆದ್ದು ಮುಂದಿನ ಸುತ್ತಿಗೆ ಹೋಯಿತು. ಅಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅದರದೇ ಊರಿನಲ್ಲಿ 48–32ರಿಂದ ಸೋಲಿಸಿತು. ಕಾದು ಕೂತಿದ್ದ ಲವ್ ಗೆದ್ದು ತೋರಿಸಿದ. ಶಿವಮೊಗ್ಗಕ್ಕೆ ಮರಳಿದ್ದ ನನಗೆ ಪುಟ್ಟ ಫೋನಿನಲ್ಲಿ ಕಿರುಚಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ನಮ್ಮ ಶಾಲೆಗಳಲ್ಲೂ ಖೋ ಖೋ, ವಾಲಿಬಾಲ್, ನಾಟಕ ಎಂದು ಪಟ್ಟಿ ಅಂಟಿಸುತ್ತಾರೆ. ಹೆಸರಿದ್ದವರ ಸುತ್ತ ಗದ್ದಲವಿರುತ್ತದೆ. ಅಜ್ಜ ಅಜ್ಜಿಯರೇ, ನಮಗಾದರೋ ಬಿಡುವಿದೆ. ಹೆಸರಿಲ್ಲದೆ ಮನೆಗೆ ಬಂದ ಮಗುವಿಗೆ ಒಂದು ಲೋಟ ಹಾಲು ಕೊಟ್ಟು, ಬುದ್ಧಿ ಹೇಳದೆ ಪಕ್ಕದಲ್ಲಿ ಕೂರೋಣ. ಮಕ್ಕಳೇ, ನಿಮ್ಮ ಹೆಸರು ಪಟ್ಟಿಯಲ್ಲಿದ್ದರೆ ಸಂತೋಷ. ಇದ್ದ ದಿನ, ಇಲ್ಲದ ಗೆಳೆಯನನ್ನು ಮರೆಯದೆ ನಿಮ್ಮ ಸೈಕಲ್ಲಿನಲ್ಲಿ ಒಂದು ಸುತ್ತು ಹೊಡೆಸಿಕೊಂಡು ಬನ್ನಿ.