ಘಾಟಿಯ ಪ್ರಶ್ನೆ

ನಮ್ಮ ತಾಯಿಯವರಿಗೆ ಮೊದಲನೆಯ ಸಲ ಶಸ್ತ್ರಚಿಕಿತ್ಸೆಯಾದಾಗ ಅವರನ್ನು ಗಾಯದ ನೋವಿಗಿಂತಲೂ ಹೆಚ್ಚಾಗಿ ಬಾಧಿಸಿದುದು ಓಕರಿಕೆ. ನೋವಿಗೆಂದು ಕೊಟ್ಟ ಮಾರ್ಫಿನ್ನೇ ಇದಕ್ಕೊಂದು ಕಾರಣವೆಂದು ತಿಳಿದೊಡನೆ, "ನೋವನ್ನಾದರೂ ತಾಳಿಕೊಂಡೇನು, ಈ ವಾಂತಿಯನ್ನು ತಾಳಲಾರೆ" ಎಂದು ಔಷಧವನ್ನೇ ನಿರಾಕರಿಸಿದರು. ನೀಳವಾಗಿ ಉಸಿರೆಳೆಯಲೂ ಆರದೆ ಎರಡು ರಾತ್ರಿ ಕಳೆದರು. ನಾನು ಬೋಗುಣಿ ಹಿಡಿದು ಪಕ್ಕದಲ್ಲಿ ಕುಳಿತಿದ್ದೆನು.

ಎರಡನೆಯ ಸಲ ಬೇರೊಂದು ಆಸ್ಪತ್ರೆ. ಅರಿವಳಿಕೆಯ ವೈದ್ಯರು ಹಿಂದಿನ ದಿನವೇ ಬಂದು, "ಅಮ್ಮಾ, ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ?" ಎಂದು ಕೇಳಿದರು. ಕುಶಲೋಪರಿಯೆಂದು ಭಾವಿಸಿದೆನು, ಅದು ಶಾಸ್ತ್ರವೇ ಆಗಿದ್ದಿತು. ಆಪ್ಫೆಲ್ ಮೊದಲಾದ ವೈದ್ಯರು 1999ರಲ್ಲಿ ನಾಲ್ಕು ಲಕ್ಷಣಗಳನ್ನು ಹೇಳಿರುವರು: ಸ್ತ್ರೀಯಾಗಿರುವುದು, ಧೂಮಪಾನವಿಲ್ಲದಿರುವುದು, ಪ್ರಯಾಣದಲ್ಲಾಗಲಿ ಹಿಂದಿನ ಶಸ್ತ್ರಚಿಕಿತ್ಸೆಯಲ್ಲಾಗಲಿ ಓಕರಿಸಿರುವುದು, ಚಿಕಿತ್ಸೆಯ ತರುವಾಯ ಅಫೀಮಿನ ಜಾತಿಯ ಔಷಧ ಬೇಕಾಗುವುದು. ಒಂದೂ ಇಲ್ಲದವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಈ ಬಾಧೆ. ನಾಲ್ಕೂ ಇರುವವರಲ್ಲಿ ಸುಮಾರು 80 ಮಂದಿಗೆ. ತಾಯಿಯವರಲ್ಲಿ ನಾಲ್ಕೂ ಇದ್ದುವು.

ಆದುದರಿಂದ ವೈದ್ಯರು ಓಕರಿಕೆ ಬರಲೆಂದು ಕಾಯಲಿಲ್ಲ. ಆರಂಭದಲ್ಲಿ ಡೆಕ್ಸಾಮೆಥಸೋನನ್ನೂ ಮುಗಿಯುವ ವೇಳೆಗೆ ಆಂಡಾನ್‌ಸೆಟ್ರಾನನ್ನೂ ಕೊಟ್ಟರು. ನರಕ್ಕೆ ಜೋಮುಮದ್ದು ಚುಚ್ಚಿ, ಪ್ಯಾರಾಸಿಟಮಾಲ್ ಕೂಡಿಸಿ, ಮಾರ್ಫಿನ್ನಿನ ಪ್ರಮಾಣವನ್ನು ತಗ್ಗಿಸಿದರು. ಇಂತಹ ಮದ್ದು ಒಂದೊಂದೂ ಬಾಧೆಯ ಸಂಭವವನ್ನು ಸುಮಾರು ಕಾಲುಭಾಗ ಮಾತ್ರ ಕಡಮೆ ಮಾಡುವುದರಿಂದ, ಹಲವನ್ನು ಕೂಡಿಸಿ ಕೊಡುವುದೇ ಕ್ರಮವಂತೆ.

ಆ ಸಂಜೆ ತಾಯಿಯವರು ಒಮ್ಮೆ ಮಾತ್ರ ಮುಖ ಕಿವಿಚಿದರು. ಮರುದಿನ ಬೆಳಗ್ಗೆ ತಾವಾಗಿಯೇ ಗಂಜಿ ಕೇಳಿದರು. ಬೋಗುಣಿ ಒಣಗಿಯೇ ಇದ್ದಿತು. ಮೊದಲನೆಯ ಸಲ ನಮ್ಮನ್ನು ಯಾರೂ ಕೇಳಲಿಲ್ಲವೆಂದು ನಾನು ಬಹುಕಾಲ ನೊಂದಿದ್ದೆನು. ಘಾಟಿಯ ಸಂಗತಿಯನ್ನು ಬಲ್ಲ ನಾನೂ ಅಂದು ಹೇಳಿರಲಿಲ್ಲವೆಂಬುದು ಈಗ ಹೊಳೆಯಿತು.