ಹತ್ತನೇ ನಂಬರಿನ ಹುಡುಗ

ಬೆಂಗಳೂರಿನ ಪೂರ್ವಕ್ಕೆ ಫುಟ್‌ಬಾಲು, ಪಶ್ಚಿಮಕ್ಕೆ ಮಿಕ್ಕಿದ್ದೆಲ್ಲ. ನಾನು ಬೆಳೆಯುವಾಗ ಊರಿನ ಆಟಗಳು ಹೀಗೆ ಹಂಚಿಹೋಗಿದ್ದವು. ಆಸ್ಟಿನ್ ಟೌನು, ಮರ್ಫಿ ಟೌನು, ಹಲಸೂರಿನ ಗೌತಮಪುರದ ಕಡೆ ಮಗು ನಡೆಯುವ ಮುಂಚೆ ಚೆಂಡು ಒದೆಯುತ್ತದೆ ಎನ್ನುತ್ತಿದ್ದರು. ಈ ಕಡೆ ನಮ್ಮ ಮೂಡಲಪಾಳ್ಯ, ವಿಜಯನಗರ, ರಾಜಾಜಿನಗರದಲ್ಲಿ ಕ್ರಿಕೆಟ್ಟು, ಕಬಡ್ಡಿ, ಖೋಖೋ. ಕೆಲವರಿಗೆ ಮಾತ್ರ ಬ್ಯಾಸ್ಕೆಟ್‌ಬಾಲು. ಆ ಕೆಲವರಲ್ಲಿ ನಾನೂ ಒಬ್ಬ. ಚೆಂಡು ರಿಂಗಿಗೆ ತಾಗದೆ ಬರೀ ಬಲೆಯನ್ನು ಸವರಿಕೊಂಡು ಇಳಿಯುವಾಗ ಒಂದು ಸದ್ದು ಬರುತ್ತದಲ್ಲ, ಅದನ್ನು ಕೇಳುವುದಕ್ಕೆ ಬೆಳಗಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಸಿಮೆಂಟಿನ ಕೋರ್ಟಿಗೆ ಹೋಗುತ್ತಿದ್ದೆವು. ಈಗಲೂ ಎಲ್ಲೋ ನಡೆದು ಹೋಗುವಾಗ ಕಾಂಪೌಂಡಿನಾಚೆಯಿಂದ ಆ ಸದ್ದು ಬಂದರೆ ನನ್ನ ಕಾಲು ನಿಲ್ಲುತ್ತದೆ.

ಈ ಆಟವನ್ನು ಪ್ರೀತಿಸುವವರಿಗೆ ಅಕಾಲದಲ್ಲಿ ಹೋದವರ ಹೆಸರುಗಳು ತಾನಾಗಿ ಬಾಯಿಪಾಠವಾಗುತ್ತವೆ. ಕ್ರೊಯೇಷಿಯಾದ ದ್ರಾಜೆನ್ ಪೆಟ್ರೋವಿಚ್, 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಹೋದಾಗ 28 ವರ್ಷ. ಅದೇ ಬೇಸಿಗೆ ಮುಗಿಯುವ ಮೊದಲೇ, ಜುಲೈ 27ರಂದು, ಬಾಸ್ಟನ್ ಸೆಲ್ಟಿಕ್ಸ್ ತಂಡದ ನಾಯಕ ರೆಜ್ಜಿ ಲೂಯಿಸ್ ಅಭ್ಯಾಸ ಮಾಡುತ್ತಿದ್ದಾಗ ಕುಸಿದ. 27 ವರ್ಷ, ಹೃದಯದ ತೊಂದರೆ. ಕೋಬಿ ಬ್ರಯಂಟ್ 2020ರ ಜನವರಿ 26ರಂದು ಹದಿಮೂರರ ಮಗಳ ಜೊತೆಗೆ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಾಗ ನಮಗಿಲ್ಲಿ ಗಣರಾಜ್ಯೋತ್ಸವದ ರಜೆ ಮುಗಿಯುತ್ತ ಬಂದು ನಡುರಾತ್ರಿ ಹತ್ತಿರವಾಗಿತ್ತು. ಆ ದಿನದ ಪಂದ್ಯಗಳಲ್ಲಿ ಆಟಗಾರರು ಮಾಡಿದ್ದನ್ನು ನಾನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೋಬಿಯ ಅಂಗಿಯ ನಂಬರೂ 24. ಅಂದು ಒಂದು ತಂಡ ಚೆಂಡನ್ನು ಹಿಡಿದು ಸುಮ್ಮನೆ ನಿಂತು 24 ಸೆಕೆಂಡ್ ಕಳೆಯಗೊಟ್ಟಿತು. ಚೆಂಡು ಪಡೆದ ಎದುರಾಳಿಯೂ ಹಾಗೇ ನಿಂತಿತು. ಭಾಷಣವಿಲ್ಲ, ಹಾರವಿಲ್ಲ. ಆಟದ ನಿಯಮವನ್ನು ಬೇಕೆಂದೇ ಮುರಿದು ಕೊಟ್ಟ ಗೌರವ ಅದು.

ಇನ್ನೂ ಹಳೆಯದೊಂದು ಇದೆ, ಅದು ನನಗೆ ಹೆಚ್ಚು ಇಷ್ಟ. 1990ರ ಮಾರ್ಚ್ 4ರಂದು ಲಾಸ್ ಏಂಜಲೀಸಿನ ಲೊಯೋಲಾ ಮೇರಿಮೌಂಟ್ ವಿಶ್ವವಿದ್ಯಾಲಯದ ಹ್ಯಾಂಕ್ ಗ್ಯಾದರ್ಸ್ ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕಿ ಇಳಿದು, ಕೆಲವೇ ಕ್ಷಣದಲ್ಲಿ ಅಂಗಳದಲ್ಲೇ ಬಿದ್ದ. ವಯಸ್ಸು 23. ಬಲಗೈ ಆಟಗಾರನಾದ ಅವನು ಫ್ರೀ ಥ್ರೋಗಳಲ್ಲಿ ಗುರಿ ತಪ್ಪುತ್ತದೆಂದು ಎಡಗೈಯಲ್ಲಿ ಎಸೆಯುವುದನ್ನು ರೂಢಿಸಿಕೊಂಡಿದ್ದ. ಮುಂದೆ ರಾಷ್ಟ್ರೀಯ ಟೂರ್ನಿಯಲ್ಲಿ ಅವನ ಬಾಲ್ಯದ ಗೆಳೆಯ ಬೋ ಕಿಂಬಲ್ ಪ್ರತಿ ಪಂದ್ಯದ ತನ್ನ ಮೊದಲ ಫ್ರೀ ಥ್ರೋವನ್ನು ಎಡಗೈಯಲ್ಲಿ ಎಸೆದ. ಗೆಳೆಯನ ನೆನಪು ಗೆಳೆಯನ ಕೈಗೇ ಬಂದು ಕೂತಿತ್ತು. ಆಟಗಾರನ ನೆನಪನ್ನು ಆಟದೊಳಗೇ ಇಟ್ಟುಕೊಳ್ಳಬೇಕು ಎಂದು ನನಗೆ ತಿಳಿದದ್ದು ಆ ಎಡಗೈಯಿಂದ.

ಇವರೆಲ್ಲ ದೂರದವರು. ನಮ್ಮ ಊರಿನಲ್ಲೇ, ಎಲ್ಲರಿಗೂ ಗೊತ್ತಿರುವ ಕಂಠೀರವ ಕ್ರೀಡಾಂಗಣದಲ್ಲಿ, ಒಬ್ಬ ಹುಡುಗ ಹೀಗೇ ಹೋದ. ಅವನದು ಬ್ಯಾಸ್ಕೆಟ್‌ಬಾಲ್ ಅಲ್ಲ, ಫುಟ್‌ಬಾಲ್. ದೇಶ ಬ್ರೆಜಿಲ್. ಹೆಸರು ಕ್ರಿಸ್ಟಿಯಾನೊ ಜೂನಿಯರ್.

ಹೊಟ್ಟೆಪಾಡಿಗೆ ಆಡುವ ಆಟಗಾರನ ಬದುಕು ಎಂದರೆ ಏನು ಎಂದು ಯೋಚಿಸುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವವನು ಅವನೇ. ಇಪ್ಪತ್ತನಾಲ್ಕರ ಹರೆಯದಲ್ಲಿ ಯಾರೂ ಪರಿಚಯವಿಲ್ಲದ ಕೊಲ್ಕತ್ತಾಗೆ ಬಂದ. ಈಸ್ಟ್ ಬೆಂಗಾಲ್ ಸೇರಿದ. 2003–04ರ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ 15 ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತ. ತಂಡಕ್ಕೆ ಲೀಗ್ ಪ್ರಶಸ್ತಿ ಬಂತು. ಮರುವರ್ಷ ಗೋವಾದ ಡೆಂಪೊ ಕರೆಯಿತು, ತರಬೇತುದಾರ ಅರ್ಮಾಂಡೊ ಕೊಲಾಸೊ ಅವರ ಕೈಗೆ ಬಂದ. ಬೆನ್ನಿಗೆ ಹತ್ತನೇ ನಂಬರು. ಬ್ರೆಜಿಲಿನವನಿಗೆ ಅದು ಪೆಲೆ ತೊಟ್ಟ ನಂಬರು. ಅದನ್ನು ಪರದೇಶದಲ್ಲಿ ತೊಟ್ಟು ಆಡುವಾಗ ಆ ಹುಡುಗನ ಎದೆ ಎಷ್ಟು ಉಬ್ಬಿತ್ತೋ.

2004ರ ಡಿಸೆಂಬರ್ 5, ಭಾನುವಾರ. ಫೆಡರೇಷನ್ ಕಪ್ ಫೈನಲ್, ಡೆಂಪೊ ಮತ್ತು ಮೋಹನ್ ಬಾಗಾನ್. ಡೆಂಪೊದ ಮೊದಲ ಗೋಲು ಜೂನಿಯರನದು. 78ನೇ ನಿಮಿಷದಲ್ಲಿ ಮತ್ತೆ ಅವನೇ ನುಗ್ಗಿದ. ಗೋಲಿ ಸುಬ್ರತ ಪಾಲ್ ಮುಂದೆ ಬಂದರು. ಚೆಂಡು ಗೋಲಿನೊಳಕ್ಕೆ ಹೋಯಿತು, ಇಬ್ಬರೂ ಡಿಕ್ಕಿ ಹೊಡೆದರು, ಜೂನಿಯರ್ ಬಿದ್ದ. ಅವನನ್ನು ಆಸ್ಪತ್ರೆಗೆ ಒಯ್ದರೂ ಹೃದಯ ಮತ್ತೆ ಬಡಿಯಲಿಲ್ಲ. 25 ವರ್ಷ. ಪಂದ್ಯ 2–0, ಕಪ್ ಡೆಂಪೊಗೆ. ಮರುದಿನ ಬೆಳಿಗ್ಗೆ ಮೂಡಲಪಾಳ್ಯ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಒಂದೇ ಪತ್ರಿಕೆಯನ್ನು ನಾಲ್ಕು ಜನ ಹಂಚಿಕೊಂಡು ಓದುತ್ತಿದ್ದರು. ಫುಟ್‌ಬಾಲಿನ ತಲೆಬುಡ ಗೊತ್ತಿಲ್ಲದ ಹಿರಿಯರೊಬ್ಬರು ಫೋಟೊ ನೋಡಿ, “ಅವರಮ್ಮನಿಗೆ ಯಾರಪ್ಪ ಹೇಳ್ತಾರೆ, ಅಷ್ಟು ದೂರ?” ಎಂದರು. ಆ ಸಾವಿನ ಬಗ್ಗೆ ನಾನು ಆಮೇಲೆ ಓದಿದ ಯಾವ ಲೇಖನವೂ ಆ ಪ್ರಶ್ನೆಯಷ್ಟು ನನ್ನನ್ನು ಕಲಕಲಿಲ್ಲ.

ಸುಬ್ರತ ಪಾಲ್ ಅವರ ಬಗ್ಗೆಯೂ ಹೇಳಲೇಬೇಕು. ಅವರಿಗೆ ಆಗ ಇನ್ನೂ ಹದಿನೆಂಟರ ಆಸುಪಾಸು. ಊರೆಲ್ಲ ಬೆರಳು ತೋರಿಸಿತು. ಅಷ್ಟು ಎಳೆಯ ಹೆಗಲಿಗೆ ಅಂಥ ಭಾರ. ಅದನ್ನು ಹೊತ್ತುಕೊಂಡೇ ಅವರು ಆಡಿದರು, ದೇಶದ ಗೋಲಿಯಾದರು, 2011ರ ಏಷ್ಯಾ ಕಪ್‌ನಲ್ಲಿ ದೋಹಾದಲ್ಲಿ ದೊಡ್ಡ ದೊಡ್ಡ ತಂಡಗಳ ಹೊಡೆತಗಳಿಗೆ ಎದೆಗೊಟ್ಟರು, ಅರ್ಜುನ ಪ್ರಶಸ್ತಿ ಪಡೆದರು. ಅಂದು ಕಂಠೀರವದಲ್ಲಿ ಒಬ್ಬನ ಬದುಕು ಮುಗಿಯಿತು, ಇನ್ನೊಬ್ಬನ ಬದುಕು ಮುರಿಯಬಹುದಿತ್ತು, ಮುರಿಯಲಿಲ್ಲ. ಅದಕ್ಕಾಗಿ ನನಗೆ ಅವರ ಮೇಲೆ ಪ್ರೀತಿ.

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಕಂಠೀರವಕ್ಕೆ ನಡೆದು ಹೋಗಬಹುದು. ನನಗೆ ಆ ನಡಿಗೆ ಇಷ್ಟ. ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಹೋಗಿ ಆಟದ ಮೈದಾನವಾಯಿತು. ಪಕ್ಕದಲ್ಲಿ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಕರಗದ ದಿನಗಳಲ್ಲಿ ಹಸಿ ಕರಗ ಇವತ್ತಿಗೂ ಸಂಪಂಗಿ ಕೆರೆಯ ಕಡೆಯಿಂದಲೇ ಧರ್ಮರಾಯನ ಗುಡಿಗೆ ಬರುತ್ತದೆ. ನೀರು ಹೋದರೂ ಊರು ಆ ಜಾಗವನ್ನು ಮರೆತಿಲ್ಲ. ಕಂಠೀರವ ಎಂಬ ಹೆಸರು ಕೇಳಿದರೆ ನನಗೆ ನೆನಪಾಗುವುದು ಕುಸ್ತಿಯಲ್ಲಿ ಹೆಸರು ಮಾಡಿದ ಮೈಸೂರಿನ ಅರಸು ರಣಧೀರ ಕಂಠೀರವ ನರಸರಾಜ ಒಡೆಯರು. ಒಳಾಂಗಣ ಕ್ರೀಡಾಂಗಣ ಪಕ್ಕದಲ್ಲೇ. 2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಎರಡನೇ ದರ್ಜೆಯ ಫೈನಲಿನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿದ್ದು ಅಲ್ಲಿಯೇ. ಎರಡೇ ಪಾಯಿಂಟಿನ ಅಂತರ! ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಷ್ಟೆಲ್ಲ ನೆನಪುಗಳಿರುವ ಅದೇ ಅಂಗಳದಲ್ಲಿ 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ದೇಹವನ್ನು ದರ್ಶನಕ್ಕೆ ಇಟ್ಟಿದ್ದರು. 46 ವರ್ಷ, ಅಲ್ಲೂ ಹೃದಯವೇ. ನಮ್ಮ ಕಡೆಯ ಬೀದಿಬೀದಿಗಳಿಂದ ಜನ ಹೊರಟರು. ಹೂವಿನವರು, ಆಟೋದವರು, ಪರೀಕ್ಷೆ ಬರೆಯಬೇಕಿದ್ದ ಮಕ್ಕಳು. ಅಪ್ಪು ನಮ್ಮ ಮನೆಯ ಹುಡುಗ, ಹೋಗಲೇಬೇಕಿತ್ತು. ಸಾಲು ಸರಿಯುತ್ತ ಸರಿಯುತ್ತ ಆ ಹುಲ್ಲಿನ ಅಂಗಳ ಕಂಡಾಗ ನನಗೆ ಅಪ್ಪು ಜೊತೆಗೆ ಇನ್ನೊಬ್ಬನೂ ನೆನಪಾದ. ಇದೇ ಹುಲ್ಲಿನ ಮೇಲೆ ಬಿದ್ದವನು, ಸಾಲುಗಟ್ಟಿ ನೋಡಲು ಈ ಊರಿನಲ್ಲಿ ತನ್ನವರೆಂಬವರು ಇಲ್ಲದವನು.

ಬಿದ್ದವರನ್ನು ನೆನೆಯುವುದು ಈ ಊರಿಗೆ ಹೊಸದಲ್ಲ. ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಅತಿ ಹಳೆಯ ಜಾಗ ಬೇಗೂರಿನ ಶಾಸನ, ಸುಮಾರು ಕ್ರಿ.ಶ. 890ರದು. ಅದು ದಾನಶಾಸನವಲ್ಲ, ಅರಮನೆಯ ಹೊಗಳಿಕೆಯೂ ಅಲ್ಲ. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತನೆಂದು ಹೇಳುವ ವೀರಗಲ್ಲು. ಬಿದ್ದವನೊಬ್ಬನ ಹೆಸರಿನ ಜೊತೆಯಲ್ಲೇ ನಮ್ಮ ಊರಿನ ಹೆಸರೂ ಮೊದಲ ಸಲ ಕಲ್ಲಿಗೆ ಹತ್ತಿತು. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಇಂಥ ಕಲ್ಲುಗಳಿವೆ: ದನ ಬಿಡಿಸಲು ಹೋಗಿ ಬಿದ್ದವನಿಗೆ, ಹುಲಿಯೊಡನೆ ಹೋರಾಡಿ ಸತ್ತವನಿಗೆ, ಹೆಂಗಸರ ಮಾನ ಕಾಯಲು ನಿಂತವನಿಗೆ. ಕೆತ್ತಿದವರು ಸತ್ತ ಗಳಿಗೆಯನ್ನು ಮಾತ್ರ ಕೆತ್ತಿ ಬಿಡಲಿಲ್ಲ. ಕೆಳಗಿನ ಹಂತದಲ್ಲಿ ಅವನು ಕಾದಾಡುವುದನ್ನೂ ತೋರಿಸಿದರು. ಕೈ ಎತ್ತಿದೆ, ಕಾಲು ಮುಂದಿದೆ. ನೋಡಿದವನಿಗೆ ಮೊದಲು ಕಾಣುವುದು ಅವನ ಕಸುವು.

ಡೆಂಪೊ ತನ್ನ ಪಾಲಿನ ಕಲ್ಲನ್ನು ನೆಟ್ಟಿತು. ಹತ್ತನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದಿತು. ಆ ಋತುವಿನಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಲೀಗನ್ನೂ ಗೆದ್ದಿತು. ನಾವು, ಅವನು ಬಿದ್ದ ಊರಿನವರು, ಏನನ್ನೂ ನೆಟ್ಟಿಲ್ಲ. ಇದು ನನ್ನನ್ನು ಬಹಳ ವರ್ಷದಿಂದ ಕಾಡುತ್ತಿದೆ.

ನೆಡುವುದೆಂದರೆ ಬರೀ ಕಲ್ಲಲ್ಲ. 2012ರ ಮಾರ್ಚಿನಲ್ಲಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಎಂಬ 27ರ ಹುಡುಗ ಬದಲಿ ಆಟಗಾರನಾಗಿ ಇಳಿದು, ಆಡುತ್ತ ಆಡುತ್ತ ಕುಸಿದ. ಮೈದಾನದ ಬಳಿ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಒಯ್ಯಬೇಕಾಯಿತು, ಉಳಿಯಲಿಲ್ಲ. ಜೂನಿಯರ್ ಹೋಗಿ ಏಳು ವರ್ಷ ದಾಟಿತ್ತು, ಅದೇ ಊರು. ನಿಂತ ಹೃದಯ ಮತ್ತೆ ಬಡಿಯುವಂತೆ ಮಾಡಲು ನಿಮಿಷಗಳ ಅವಕಾಶವಷ್ಟೇ ಇರುತ್ತದೆ. ಎದೆಯ ನಡುವೆ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲದಂತೆ, ಎರಡು ಇಂಚು ಇಳಿಯುವಷ್ಟು ಒತ್ತುತ್ತಲೇ ಇರಬೇಕು. ಅಷ್ಟರಲ್ಲಿ ವಿದ್ಯುತ್ ಆಘಾತ ಕೊಡುವ ಯಂತ್ರ ಬರಬೇಕು. 2021ರ ಜೂನ್‌ನಲ್ಲಿ ಯೂರೊ ಕಪ್ ಪಂದ್ಯದ ನಡುವೆ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದಾಗ ಎರಡೂ ಇದ್ದವು. ಅವರು ಬದುಕಿದರು, ಮತ್ತೆ ಆಡಿದರು. ನಮ್ಮಲ್ಲೂ ಪುನೀತ್ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ, ಇಂಥ ಯಂತ್ರಗಳನ್ನು ಜನ ಸೇರುವ ಜಾಗಗಳಲ್ಲಿ ಇಡುವುದೂ ಅದರ ಭಾಗ. ಆ ಯಂತ್ರ ನಮ್ಮ ವಾರ್ಡಿನ ಪ್ರತಿ ಆಟದ ಮೈದಾನಕ್ಕೂ ಬರಬೇಕು. ಪ್ರತಿ ಶಾಲೆಯ ಪಿ.ಟಿ. ಮೇಷ್ಟ್ರಿಗೆ, ಮೇಡಮ್ಮಿಗೆ ಆ ಒತ್ತುವ ಕೆಲಸ ಕೈಗೆ ಹತ್ತಿರಬೇಕು. ಈ ಮಾತನ್ನು ನಾನು ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತೇನೆ, ಇನ್ನೂ ಹೇಳುತ್ತೇನೆ.

ಜೊತೆಗೆ ಇನ್ನೊಂದು ಆಸೆ. ಕಂಠೀರವ ಈಗ ಬೆಂಗಳೂರು ಎಫ್‌ಸಿಯ ಮನೆ. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿಯ ಹುಡುಗರು ಪಂದ್ಯದುದ್ದಕ್ಕೂ ನಿಂತೇ ಹಾಡುತ್ತಾರೆ. ಎಷ್ಟು ಚಂದದ ಗದ್ದಲ ಅದು! ಡಿಸೆಂಬರ್ ಐದರ ಆಸುಪಾಸಿನಲ್ಲಿ ಅಲ್ಲಿ ಪಂದ್ಯ ಬಿದ್ದಾಗ, 78ನೇ ನಿಮಿಷಕ್ಕೆ, ಇಡೀ ಕ್ರೀಡಾಂಗಣ ಒಂದು ನಿಮಿಷ ಚಪ್ಪಾಳೆ ತಟ್ಟಲಿ. ಮೌನ ಬೇಡ. ಗೋಲು ಹೊಡೆದವನಿಗೆ ಸಲ್ಲಬೇಕಾದದ್ದು ಚಪ್ಪಾಳೆ. ಅಂದು ಅವನಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ.

ಇದನ್ನು ಒಂದು ಸಂಜೆ ನಮ್ಮ ಬೀದಿಯ ಹುಡುಗನಿಗೆ ಹೇಳುತ್ತಿದ್ದೆ. ಅವನು ಹುಟ್ಟಿದ್ದೇ ಇದೆಲ್ಲ ನಡೆದು ಎಷ್ಟೋ ವರ್ಷಕ್ಕೆ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಪೂರ್ತಿ ಕೇಳಿದ.

“ಡಿಕ್ಕಿ ಆಯ್ತಲ್ಲ ಅಂಕಲ್, ಆ ಗೋಲು ಲೆಕ್ಕಕ್ಕೆ ಬಂತಾ?”

“ಬಂತು ಕಣೋ. ಎರಡು–ಸೊನ್ನೆ. ಕಪ್ಪೂ ಅವರಿಗೇ.”

“ಮೊದಲನೇದು ಯಾರು ಹೊಡೆದಿದ್ದು?”

“ಅದೂ ಅವನೇ.”

“ಹೇಗೆ ಹೊಡೆದ? ತೋರಿಸಿ” ಎಂದು ಚೆಂಡನ್ನು ನನ್ನ ಕಾಲ ಬಳಿ ಇಟ್ಟ.