ಚನ್ನಪಟ್ಟಣದ ನಾಲ್ಕು ಕಂಬಗಳು

ನವರಾತ್ರಿಯ ಬೊಂಬೆಗಳ ಸಾಲಿನಲ್ಲಿಡಲೆಂದು ನಮ್ಮ ಮೊಮ್ಮಗಳಿಗಾಗಿ ನಾವೊಂದು ಬೊಂಬೆಯ ಮನೆಯನ್ನು ರಚಿಸಿದ್ದೆವು. ಮಳೆಗೆ ಕುಸಿದುಹೋದ ನಮ್ಮ ಹಳ್ಳಿಯ ಮನೆಯೇ ಅದಕ್ಕೆ ಮಾದರಿ. ಅಡಿಗೆ ಅಂಗುಲವೆಂಬುದು ಪ್ರಮಾಣ. ಗೋಡೆ, ಹೆಂಚು, ಬಾಗಿಲುಗಳೆಲ್ಲವೂ ನಮ್ಮ ಕೈಗೆ ಸಾಧ್ಯವಾದುವು. ಜಗಲಿಯ ತಿರುಗಣಿ ಕಂಬಗಳು ಮಾತ್ರ ಅಸಾಧ್ಯವೆನಿಸಿದುದರಿಂದ ಚನ್ನಪಟ್ಟಣಕ್ಕೆ ಹೊರಟೆವು.

ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಊರು ಅರಗಿನ ಬೊಂಬೆಗಳಿಗೆ ಪ್ರಸಿದ್ಧವೆಂಬುದನ್ನು ವಾಚಕರು ಬಲ್ಲರು. ಟಿಪ್ಪು ಸುಲ್ತಾನನು ಪಾರಸಿಕ ದೇಶದ ಕುಶಲಿಗಳನ್ನು ಕರೆಯಿಸಿ ಈ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದನೆಂಬ ಪ್ರತೀತಿಯುಂಟು.

ಅಲ್ಲಿನ ಓಣಿಯೊಂದರಲ್ಲಿ ವೃದ್ಧ ಕುಶಲಿಯೊಬ್ಬರು ನಮ್ಮ ನಕ್ಷೆಯನ್ನು ನೋಡಿ, ಒಣಗಿಸಿದ ಆಲೆಮರದ ತುಂಡೊಂದನ್ನು ತಿರುಗಣಿಗೆ ಸಿಕ್ಕಿಸಿದರು. ಉಳಿಯು ಸೋಂಕಿದಂತೆ ಬಿಳಿಯ ಹೊಟ್ಟು ಸುರುಳಿ ಸುರುಳಿಯಾಗಿ ಹಾರಿ, ಪೀಠ, ದಂಡ, ಕುಂಭ, ಫಲಕಗಳು ಒಂದೊಂದಾಗಿ ಮೂಡಿದುವು. ಬಳಿಕ ತಿರುಗುತ್ತಿರುವ ಕಂಬಕ್ಕೆ ಬಣ್ಣದ ಅರಗಿನ ಕಡ್ಡಿಯನ್ನೊತ್ತಿದರು. ಘರ್ಷಣೆಯ ಶಾಖಕ್ಕೇ ಅರಗು ಕರಗಿ ಮರವನ್ನಾವರಿಸಿತು. ಕೇದಗೆಯ ಗರಿಯನ್ನೊತ್ತಲು ಕನ್ನಡಿಯಂತೆ ಹೊಳೆಯಿತು. ಪಾಂಡವರನ್ನು ಸುಡಲು ದುರ್ಯೋಧನನು ಅರಗಿನ ಮನೆಯನ್ನು ಕಟ್ಟಿಸಿದ ಕಥೆಯನ್ನು 30 ವರ್ಷ ಪಾಠ ಹೇಳಿದ ನಮಗೆ, ಅರಗಿನ ಈ ಸೌಮ್ಯ ಮುಖವು ತಿಳಿದುದು ಅಂದೇ.

ಮೂರು ಕಂಬಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಬಂದುವು. ನಾಲ್ಕನೆಯದರ ನಡುವು ಕೂದಲೆಳೆಯಷ್ಟು ಸಣ್ಣಗಾಯಿತು. "ಇದು ಬೇಡ ಮೇಷ್ಟ್ರೇ, ನಾಲ್ಕೂ ಒಂದೇ ತಾಯಿಯ ಮಕ್ಕಳ ಹಾಗಿರಬೇಕು" ಎಂದು ಅವರು ಅದನ್ನು ಬದಿಗಿಟ್ಟರು.

ಆಗ ನಮಗೆ ಹಳೆಯ ಮನೆಯ ನಾಲ್ಕನೆಯ ಕಂಬದ ನೆನಪಾಯಿತು. ಗತಿಸಿದ ನಮ್ಮ ಗೃಹಿಣಿಯು ಸಂಜೆಯ ಹೊತ್ತು ಅದಕ್ಕೇ ಒರಗಿ ಹೂ ಕಟ್ಟುತ್ತಿದ್ದಳು. ಆಕೆಗೂ ಮೊದಲು ನಮ್ಮ ತಾಯಿಯವರು. ಬೆನ್ನು ಸೋಂಕಿ ಸೋಂಕಿ ಅದರ ನಡುವೂ ಸವೆದಿತ್ತು.

"ಸಾಹೇಬರೇ, ನಮಗೆ ಅದೇ ಬೇಕು" ಎಂದೆವು. ಕಾರಣವನ್ನು ಕೇಳಿದ ಅವರು ಏನನ್ನೂ ಆಡದೆ, ಆ ಕಂಬವನ್ನು ಮತ್ತೆ ತಿರುಗಣಿಗೆ ಹಾಕಿ, ಅರಗು ಹಚ್ಚಿ, ಉಳಿದ ಮೂರಕ್ಕಿಂತಲೂ ಹೆಚ್ಚಿನ ಶ್ರದ್ಧೆಯಿಂದ ಹೊಳಪು ಕೊಟ್ಟರು.

ಮನೆಗೆ ಬಂದು ಕಂಬಗಳನ್ನು ನಿಲ್ಲಿಸಿದೆವು. ಅಜ್ಜಿಯನ್ನೆಂದೂ ಕಾಣದ ಮೊಮ್ಮಗಳು ಕಥೆಯನ್ನೆಲ್ಲ ಕೇಳಿ, ಪುಟ್ಟ ಬೊಂಬೆಯೊಂದನ್ನು ತಂದು ನಾಲ್ಕನೆಯ ಕಂಬಕ್ಕೆ ಒರಗಿಸಿ, "ಸರಿಯಾಯಿತೇ, ತಾತ?" ಎಂದಳು.

ಸರಿಯಾಯಿತೆಂದೆವು.